ಬೀದಿ ನಾಯಿ, ಮನೆ ನಾಯಿ, ಬಿಡಾಡಿ ದನ: ಪಾಲಿಕೆಯನ್ನು ಏನು ಕೇಳಬೇಕು, ಹೇಗೆ ಕೇಳಬೇಕು

ಎರಡು ವರ್ಷದ ಹಿಂದೆ ಕಲಬುರಗಿಯ ನಮ್ಮ ಓಣಿಯಲ್ಲಿ ಏಳು ವರ್ಷದ ಹುಡುಗನಿಗೆ ನಾಯಿ ಕಚ್ಚಿತು. ಟ್ಯೂಷನ್ ಮುಗಿಸಿ ಮನೆಗೆ ಬರುತ್ತಿದ್ದ. ಮೀನಖಂಡದಲ್ಲಿ ಎರಡು ಹಲ್ಲು ಇಳಿದಿದ್ದವು. ಆ ರಾತ್ರಿ ಓಣಿಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ. ಮರುದಿನ ಮುಂಜಾನೆ ಕಟ್ಟೆಯ ಮೇಲೆ ಕೂತು ಅರ್ಜಿ ಬರೆದೆವು. ಹದಿನೆಂಟು ಜನ ಸಹಿ ಹಾಕಿದೆವು. ಅರ್ಜಿಯ ತಿರುಳು ಒಂದೇ ಮಾತು: "ಎಲ್ಲಾ ನಾಯಿ ಹಿಡ್ಕೊಂಡ್ ಹೋಗ್ರಿ, ಊರ ಹೊರಗ ಬಿಡ್ರಿ."

ಏನೂ ಆಗಲಿಲ್ಲ. ಆಗುವಂತೆಯೂ ಇರಲಿಲ್ಲ. ನಾವು ಕೇಳಿದ್ದನ್ನು ಮಾಡಲು ಯಾವ ಊರಿನ ಪಾಲಿಕೆಗೂ ಕಾನೂನಿನಲ್ಲಿ ಅವಕಾಶವಿಲ್ಲ. ಇದು ನನಗೆ ಗೊತ್ತಾಗಿದ್ದು ಒಬ್ಬ ಪಶುವೈದ್ಯರ ಜೊತೆ ಅರ್ಧ ಗಂಟೆ ಮಾತಾಡಿದ ಮೇಲೆ. ಎರಡನೇ ಅರ್ಜಿಯಲ್ಲಿ ಬೇರೆಯದೇ ಕೇಳಿದೆವು, ಆಗ ಕೆಲಸ ಶುರುವಾಯಿತು. ಆ ಎರಡು ಅರ್ಜಿಗಳ ನಡುವೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೀದರ್, ಯಾದಗಿರಿಯವರಿಗೂ ದಾರಿ ಹೆಚ್ಚೂಕಡಿಮೆ ಇದೇ. ಕಚೇರಿಯ ಹೆಸರು ಮಾತ್ರ ಬದಲಾಗುತ್ತದೆ.

ಕಚ್ಚಿದ್ದರೆ ಮೊದಲು ನಲ್ಲಿ, ಆಮೇಲೆ ಆಸ್ಪತ್ರೆ

ಅರ್ಜಿಯ ಮಾತು ಆಮೇಲೆ. ನಾಯಿ ಕಚ್ಚಿದ್ದರೆ ಮೊದಲು ಗಾಯ ತೊಳೆಯಿರಿ. ಹರಿಯುವ ನೀರು, ಸೋಪು, ಪೂರ್ತಿ 15 ನಿಮಿಷ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಏಕೆಂದರೆ ಗಾಬರಿಯಲ್ಲಿ ಎರಡು ನಿಮಿಷವೇ ಹದಿನೈದು ಅನ್ನಿಸುತ್ತದೆ. ಸುಣ್ಣ, ಖಾರದ ಪುಡಿ, ಅರಿಶಿನ, ಎಣ್ಣೆ ಯಾವುದನ್ನೂ ಹಚ್ಚಬೇಡಿ. ನಮ್ಮ ಕಡೆ ಇವತ್ತಿಗೂ ಖಾರ ಹಚ್ಚುವವರಿದ್ದಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಆಮೇಲೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಇವೆ. ಹಳ್ಳಿಯವರು ತಾಲ್ಲೂಕು ಆಸ್ಪತ್ರೆಗೆ ಹೋಗಬಹುದು. ಚರ್ಮಕ್ಕೆ ಹಾಕುವ ಲಸಿಕೆಯಾದರೆ ಮೊದಲ ದಿನವನ್ನು ಸೊನ್ನೆ ಎಂದು ಹಿಡಿದು 0, 3, 7, 28ನೇ ದಿನ. ತೋಳಿನ ಸ್ನಾಯುವಿಗೆ ಹಾಕುವುದಾದರೆ 0, 3, 7, 14, 28ನೇ ದಿನ. ರಕ್ತ ಬರುವ ಗಾಯಕ್ಕೆ ಇಷ್ಟೇ ಸಾಲದು, ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕು. ವೈದ್ಯರನ್ನು ನೀವೇ ಕೇಳಿ, ಸಂಕೋಚ ಬೇಡ. ಎರಡು ಸೂಜಿ ಆದ ಮೇಲೆ "ಗಾಯ ಮಾಯ್ತಲ್ಲ" ಅಂತ ಬಿಟ್ಟುಬಿಡುವವರು ಜಾಸ್ತಿ. ಹಾಗೆ ಮಾಡಬೇಡಿ. ರೇಬಿಸ್‌ನ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಉಳಿಸುವ ಔಷಧಿ ಇಲ್ಲ. ಅದಕ್ಕೆ ಮುಂಚೆ ಲಸಿಕೆ ಪೂರ್ತಿ ಹಾಕಿಸಿದರೆ ಜೀವ ಉಳಿಯುತ್ತದೆ.

ಕಚ್ಚಿದ ನಾಯಿಯನ್ನು ಹೊಡೆದು ಸಾಯಿಸಬೇಡಿ. ದೂರದಿಂದ 10 ದಿನ ಅದರ ಮೇಲೆ ಕಣ್ಣಿಡಿ. ಹತ್ತು ದಿನ ಕಳೆದರೂ ಅದು ಚೆನ್ನಾಗಿಯೇ ಇದ್ದರೆ, ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೇಬಿಸ್ ಇರಲಿಲ್ಲ ಎಂದರ್ಥ. ಆದರೆ ಹತ್ತು ದಿನ ನೋಡೋಣ ಅಂತ ಲಸಿಕೆ ತಡ ಮಾಡಬಾರದು. ಎರಡೂ ಒಟ್ಟಿಗೇ ನಡೆಯಬೇಕು.

ಆಸ್ಪತ್ರೆಯ ಚೀಟಿಯಲ್ಲಿ "ಬೀದಿ ನಾಯಿ ಕಡಿತ" ಎಂದು ಬರೆಸಿಕೊಳ್ಳಿ. ಆ ಚೀಟಿ, ಗಾಯದ ಒಂದು ಫೋಟೊ, ಕಚ್ಚಿದ ಜಾಗ ಮತ್ತು ಹೊತ್ತು ಬರೆದ ಒಂದು ಹಾಳೆ, ಮೂರನ್ನೂ ಜೋಪಾನ ಮಾಡಿ. 2025ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಬೀದಿ ನಾಯಿ ಕಡಿತಕ್ಕೆ ಪರಿಹಾರ ಪ್ರಕಟಿಸಿತು. ಗಾಯಕ್ಕೆ 5,000 ರೂಪಾಯಿ. ಅದರಲ್ಲಿ 3,500 ಗಾಯಗೊಂಡವರಿಗೆ, 1,500 ಚಿಕಿತ್ಸೆಯ ಬಾಬ್ತು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ. ಸಾವು ಸಂಭವಿಸಿದರೆ ಕುಟುಂಬಕ್ಕೆ 5 ಲಕ್ಷ. ದಾಖಲೆ ಇಲ್ಲದೆ ಇದನ್ನು ಕೇಳಲು ಆಗುವುದಿಲ್ಲ.

ಯಾವ ಬಾಗಿಲು ತಟ್ಟಬೇಕು

ಜನ ಅರ್ಧ ದಿನ ಕಳೆದುಕೊಳ್ಳುವುದು ಇಲ್ಲೇ. ಪಶು ಆಸ್ಪತ್ರೆಗೆ ಹೋಗಿ "ನಾಯಿ ಹಿಡೀರಿ" ಅಂದರೆ ಅದು ಅವರ ಕೆಲಸವಲ್ಲ. ಪಾಲಿಕೆಗೆ ಹೋಗಿ "ನಮ್ಮ ನಾಯಿಗೆ ಸೂಜಿ ಹಾಕಿ" ಅಂದರೆ ಅದು ಇವರ ಕೆಲಸವಲ್ಲ.

ಬೀದಿಯ ಪ್ರಾಣಿಗಳ ಹೊಣೆ ಸ್ಥಳೀಯ ಸಂಸ್ಥೆಯದು. ಕಲಬುರಗಿ ನಗರದಲ್ಲಿ ಅದು ಮಹಾನಗರ ಪಾಲಿಕೆ. 55 ವಾರ್ಡ್ ಇವೆ, ಮುಖ್ಯಸ್ಥರು ಆಯುಕ್ತರು. ಈ ಕೆಲಸ ಬರುವುದು ಆರೋಗ್ಯ ವಿಭಾಗಕ್ಕೆ. ನಿಮ್ಮ ವಾರ್ಡಿನಲ್ಲಿ ಕಸದ ಗಾಡಿ, ಪೌರಕಾರ್ಮಿಕರ ಹಾಜರಿ ನೋಡಿಕೊಳ್ಳುವ ಹೆಲ್ತ್ ಇನ್‌ಸ್ಪೆಕ್ಟರ್ ಇರುತ್ತಾರಲ್ಲ, ಅವರೇ ನಿಮಗೆ ಹತ್ತಿರದ ಬಾಗಿಲು. ಯಾದಗಿರಿ, ಶಹಾಪುರ, ಶಹಾಬಾದ್‌ನಂಥ ನಗರಸಭೆಗಳಲ್ಲಿ ಪೌರಾಯುಕ್ತರು. ಆಳಂದ, ಸೇಡಂ, ಚಿತ್ತಾಪುರದಂಥ ಪುರಸಭೆಗಳಲ್ಲಿ ಮುಖ್ಯಾಧಿಕಾರಿ. ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯ ಪಿಡಿಒ. ಹಳ್ಳಿಗೆ ಈ ನಿಯಮ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಪಂಚಾಯಿತಿಯೂ ಸ್ಥಳೀಯ ಸಂಸ್ಥೆಯೇ.

ಪಶುಪಾಲನೆ ಮತ್ತು ಪಶುವೈದ್ಯ ಸೇವಾ ಇಲಾಖೆಯ ಕೆಲಸ ಲಸಿಕೆ, ಚಿಕಿತ್ಸೆ, ಸಲಹೆ. ಗಾಯಗೊಂಡು ಬಿದ್ದ ಪ್ರಾಣಿ ಕಂಡರೆ ಇಲಾಖೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿ. ಹಾವು, ಮಂಗ, ನವಿಲು ಅಂದರೆ ಅರಣ್ಯ ಇಲಾಖೆ, ಅದರ ಸಹಾಯವಾಣಿ 1926. ಸತ್ತ ಪ್ರಾಣಿಯನ್ನು ಎತ್ತಿಸುವುದು ಮತ್ತೆ ಪಾಲಿಕೆಯ ಆರೋಗ್ಯ ವಿಭಾಗವೇ.

ಪಾಲಿಕೆಗೆ ಮಾಡಲು ಬರುವುದು ಏನು?

ಬೀದಿ ನಾಯಿಗಳ ವಿಷಯದಲ್ಲಿ ಈಗ ಜಾರಿಯಲ್ಲಿರುವುದು ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023. ಇವು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿ ಬಂದವು. 2001ರ ಹಳೆಯ ನಿಯಮಗಳ ಜಾಗದಲ್ಲಿ 2023ರ ಮಾರ್ಚ್‌ನಲ್ಲಿ ಜಾರಿಯಾದವು. ಸರಳವಾಗಿ ಹೇಳುವುದಾದರೆ ನಿಯಮ ಇಷ್ಟು: ಹಿಡಿಯಿರಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಕಿವಿಗೆ ಗುರುತು ಮಾಡಿ, ಹಿಡಿದ ಜಾಗಕ್ಕೇ ತಂದು ಬಿಡಿ. ಬೇರೆ ಓಣಿಗೆ, ಬೇರೆ ಊರಿಗೆ, ಹೊಲಕ್ಕೆ ಸಾಗಿಸುವಂತಿಲ್ಲ. ಕೊಲ್ಲುವಂತಿಲ್ಲ.

ಹಿಡಿದ ಜಾಗಕ್ಕೇ ಯಾಕೆ ಬಿಡಬೇಕು? ಹುಡುಗನ ತಂದೆ ನನ್ನನ್ನು ಕೇಳಿದ್ದು ಇದನ್ನೇ. ಅವರ ಸಿಟ್ಟು ನ್ಯಾಯದ್ದೇ ಆಗಿತ್ತು. ಪಶುವೈದ್ಯರು ನನಗೆ ಹೇಳಿದ್ದನ್ನೇ ಅವರಿಗೂ ಹೇಳಿದೆ. ಒಂದು ಓಣಿಯಲ್ಲಿ ಎಷ್ಟು ಅನ್ನ ಬೀಳುತ್ತದೋ ಅಷ್ಟು ನಾಯಿ ಇರುತ್ತವೆ. ಇದ್ದವನ್ನು ತೆಗೆದರೆ ಜಾಗ ಖಾಲಿಯಾಗುತ್ತದೆ, ಅನ್ನ ಹಾಗೇ ಇರುತ್ತದೆ. ಪಕ್ಕದ ಓಣಿಯ ನಾಯಿಗಳು ಬಂದು ಸೇರುತ್ತವೆ. ಅವುಗಳಿಗೆ ನಮ್ಮ ಮುಖ ಗೊತ್ತಿರುವುದಿಲ್ಲ, ಲಸಿಕೆ ಆಗಿರುವುದಿಲ್ಲ. ಜಾಗಕ್ಕಾಗಿ ತಮ್ಮೊಳಗೇ ಕಚ್ಚಾಡುತ್ತವೆ, ಕಚ್ಚಾಟದ ನಡುವೆ ಮಕ್ಕಳು ಸಿಕ್ಕಿಬೀಳುತ್ತಾರೆ. ಹೆಣ್ಣು ನಾಯಿ ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ. ಹೀಗಾಗಿ ಒಂದೇ ವರ್ಷದಲ್ಲಿ ಲೆಕ್ಕ ಮತ್ತೆ ಮೊದಲಿನಷ್ಟೇ ಆಗುತ್ತದೆ. ಅದೇ ಶಸ್ತ್ರಚಿಕಿತ್ಸೆ ಆದ, ಲಸಿಕೆ ಹಾಕಿದ ನಾಯಿ ಅಲ್ಲೇ ಉಳಿದರೆ ಹೊಸ ನಾಯಿಯನ್ನು ಒಳಗೆ ಬಿಡುವುದಿಲ್ಲ. ಮರಿಯನ್ನೂ ಹಾಕುವುದಿಲ್ಲ. ಒಂದು ಪ್ರದೇಶದ ಶೇ 70ರಷ್ಟು ನಾಯಿಗಳಿಗಾದರೂ ಈ ಕೆಲಸ ಆಗಬೇಕು, ಆಗಲೇ ಪರಿಣಾಮ ಕಾಣುವುದು. ಅಲ್ಲೊಂದು ಇಲ್ಲೊಂದು ಹಿಡಿದರೆ ದುಡ್ಡು ಖರ್ಚಾಗುತ್ತದೆ, ನಾಯಿಗಳ ಸಂಖ್ಯೆ ಇಳಿಯುವುದಿಲ್ಲ.

ಸುಪ್ರೀಂ ಕೋರ್ಟ್ 2025ರಲ್ಲಿ ಈ ವಿಷಯ ಕೈಗೆತ್ತಿಕೊಂಡಾಗ ಬಹಳ ಗೊಂದಲವಾಯಿತು. ವಾಟ್ಸ್‌ಆ್ಯಪ್‌ನಲ್ಲಿ "ಎಲ್ಲಾ ನಾಯಿ ತೆಗೆಯಲು ಆದೇಶ" ಎಂದು ಓಡಾಡಿತು. ಆಗಸ್ಟ್ 22ರ ಆದೇಶದಂತೆ ಚಿಕಿತ್ಸೆ ಮತ್ತು ಲಸಿಕೆ ಆದ ನಾಯಿಯನ್ನು ಅದೇ ಜಾಗಕ್ಕೆ ಬಿಡಬೇಕು. ರೇಬಿಸ್ ಬಂದಿರುವ, ಬಂದಿರುವ ಅನುಮಾನವಿರುವ ಮತ್ತು ಆಕ್ರಮಣಕಾರಿ ನಾಯಿಗಳನ್ನು ಮಾತ್ರ ಬಿಡುವಂತಿಲ್ಲ. ನವೆಂಬರ್ 7ರಂದು ಇನ್ನೊಂದು ಆದೇಶ ಬಂತು. ಶಾಲೆ, ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣ, ಇವುಗಳ ಆವರಣದಿಂದ ನಾಯಿಗಳನ್ನು ತೆಗೆದು ಆಶ್ರಯ ತಾಣಕ್ಕೆ ಸಾಗಿಸಬೇಕು, ಮತ್ತೆ ಅಲ್ಲಿಗೇ ಬಿಡಬಾರದು, ಆವರಣಕ್ಕೆ ಬೇಲಿ ಇರಬೇಕು. ಅಂದರೆ ನಿಮ್ಮ ತೊಂದರೆ ಓಣಿಯಲ್ಲಿದ್ದರೆ ಒಂದು ನಿಯಮ, ಶಾಲೆಯ ಆಟದ ಮೈದಾನದಲ್ಲಿದ್ದರೆ ಇನ್ನೊಂದು. ಅರ್ಜಿ ಬರೆಯುವಾಗ ಈ ವ್ಯತ್ಯಾಸ ತಿಳಿದಿರಬೇಕು. ಮಗುವಿನ ಶಾಲೆಯ ಆವರಣದಲ್ಲಿ ನಾಯಿಗಳಿದ್ದರೆ ಮುಖ್ಯ ಶಿಕ್ಷಕರ ಸಹಿಯೊಂದಿಗೆ ಬೇರೆಯದೇ ಅರ್ಜಿ ಕೊಡಿ.

ಅರ್ಜಿಗೆ ಮುಂಚೆ ಲೆಕ್ಕ

ನಾವು ಎರಡನೇ ಸಲ ಮಾಡಿದ ದೊಡ್ಡ ಬದಲಾವಣೆ ಇದು. ಮುಂಜಾನೆ ಐದೂವರೆಗೆ ನಾಯಿಗಳು ತಮ್ಮ ತಮ್ಮ ಜಾಗದಲ್ಲೇ ಮಲಗಿರುತ್ತವೆ. ಬಿಸಿಲೇರಿದ ಮೇಲೆ, ಅದರಲ್ಲೂ ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ, ಲಾರಿ ಅಡಿ, ಚರಂಡಿ, ಕಟ್ಟಡದ ಸಂದಿಯಲ್ಲಿ ಸೇರಿಕೊಳ್ಳುತ್ತವೆ, ಲೆಕ್ಕ ಸಿಗುವುದಿಲ್ಲ. ಇಬ್ಬರು ಒಂದು ನೋಟ್‌ಬುಕ್ ಹಿಡಿದು ಎರಡು ದಿನ ಸತತ ಸುತ್ತಿ. ಪ್ರತಿ ನಾಯಿಗೆ ಒಂದು ಸಾಲು: ಬಣ್ಣ, ಗಂಡೋ ಹೆಣ್ಣೋ, ಮರಿ ಇದೆಯೇ, ಎಲ್ಲಿ ಮಲಗುತ್ತದೆ, ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತು ಇದೆಯೇ. ಕಿವಿಯ ಗುರುತು ಇದ್ದರೆ ಆ ನಾಯಿಗೆ ಶಸ್ತ್ರಚಿಕಿತ್ಸೆ ಆಗಿದೆ ಎಂದರ್ಥ.

ನಮ್ಮ ಲೆಕ್ಕದಲ್ಲಿ 23 ನಾಯಿ ಸಿಕ್ಕವು. ಹೆಣ್ಣು 9. ಕಿವಿಯ ಗುರುತು ಇದ್ದದ್ದು ಎರಡಕ್ಕೆ ಮಾತ್ರ. ಅರ್ಜಿಯಲ್ಲಿ "ನಾಯಿಗಳ ಹಾವಳಿ ವಿಪರೀತವಾಗಿದೆ" ಎಂದು ಬರೆಯುವುದಕ್ಕೂ "23 ನಾಯಿಗಳಲ್ಲಿ 21ಕ್ಕೆ ಶಸ್ತ್ರಚಿಕಿತ್ಸೆ ಆಗಿಲ್ಲ" ಎಂದು ಬರೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದು ಬರೀ ದೂರು. ಎರಡನೆಯದನ್ನು ಓದಿದ ಅಧಿಕಾರಿಗೆ ಎಷ್ಟು ಗೂಡು ಬೇಕು, ಎಷ್ಟು ದಿನದ ಕೆಲಸ ಎಂದು ತಕ್ಷಣ ಗೊತ್ತಾಗುತ್ತದೆ.

ಅರ್ಜಿ ಒಂದೇ ಪುಟ ಇರಲಿ. ನಗರದವರು ಆಯುಕ್ತರ ಹೆಸರಿಗೆ, ಉಳಿದವರು ಪೌರಾಯುಕ್ತರು, ಮುಖ್ಯಾಧಿಕಾರಿ ಅಥವಾ ಪಿಡಿಒ ಹೆಸರಿಗೆ ಬರೆಯಿರಿ. ನಾವು ಬರೆದದ್ದು ಹೆಚ್ಚೂಕಡಿಮೆ ಹೀಗಿತ್ತು:

"ವಿಷಯ: ನಮ್ಮ ವಾರ್ಡಿನಲ್ಲಿ ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023ರಂತೆ ಬೀದಿ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮತ್ತು ರೇಬಿಸ್ ಲಸಿಕೆ ಕೋರಿ. ನಮ್ಮ ಬಡಾವಣೆಯಲ್ಲಿ ಈ ದಿನಾಂಕಗಳಂದು ನಾವು ಎಣಿಸಿದಂತೆ 23 ನಾಯಿಗಳಿವೆ, 21ಕ್ಕೆ ಕಿವಿಯ ಗುರುತು ಇಲ್ಲ. ಈ ತಿಂಗಳು ಒಂದು ಮಗುವಿಗೆ ಕಡಿತವಾಗಿದೆ, ಆಸ್ಪತ್ರೆಯ ಚೀಟಿಯ ನಕಲು ಲಗತ್ತಿಸಿದೆ. ದಯವಿಟ್ಟು ಈ ಬಡಾವಣೆಯನ್ನು ಒಂದೇ ಸುತ್ತಿನಲ್ಲಿ ಪೂರ್ತಿಗೊಳಿಸಬೇಕು. ಹಿಡಿಯುವ ದಿನ ತಿಳಿಸಿದರೆ ನಾವು ಇಬ್ಬರು ಜೊತೆಗಿದ್ದು ನಾಯಿಗಳನ್ನು ತೋರಿಸುತ್ತೇವೆ. ಬಡಾವಣೆಯ ಎರಡು ಕಸದ ರಾಶಿಗಳನ್ನು ದಿನವೂ ತೆರವು ಮಾಡಿಸಬೇಕು. ನಾಯಿಗಳಿಗೆ ಆಹಾರ ಹಾಕಲು ಒಂದು ಜಾಗ ಗುರುತಿಸಿಕೊಡಬೇಕು."

"ಒಂದೇ ಸುತ್ತಿನಲ್ಲಿ" ಎನ್ನುವ ಮಾತನ್ನು ಬಿಡಬೇಡಿ. ಶೇ 70ರ ಮಾತು ನೆನಪಿದೆಯಲ್ಲ, ಅದು ಸಾಧ್ಯವಾಗುವುದು ಹೀಗೆ ಮಾಡಿದಾಗ ಮಾತ್ರ. "ಜೊತೆಗಿರುತ್ತೇವೆ" ಎನ್ನುವುದೂ ಮುಖ್ಯ. ನಾಯಿ ಹಿಡಿಯುವವರಿಗೆ ಯಾವ ನಾಯಿ ಎಲ್ಲಿ ಮಲಗುತ್ತದೆ ಎಂದು ಗೊತ್ತಿರುವುದಿಲ್ಲ. ಗೊತ್ತಿರುವವರು ಜೊತೆಗಿಲ್ಲದಿದ್ದರೆ ಸುಲಭಕ್ಕೆ ಸಿಕ್ಕ ಸಾಧು ನಾಯಿಗಳನ್ನು ಒಯ್ಯುತ್ತಾರೆ, ಓಡಿಸಿಕೊಂಡು ಬರುವ ನಾಯಿ ಅಲ್ಲೇ ಉಳಿಯುತ್ತದೆ.

ಅರ್ಜಿಯ ಎರಡು ಪ್ರತಿ ಒಯ್ಯಿರಿ. ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಮೊಹರು, ದಿನಾಂಕ, ಸಂಖ್ಯೆ ಹಾಕಿಸಿಕೊಳ್ಳಿ. ಮೊಹರಿಲ್ಲದ ಅರ್ಜಿಗೆ ಮುಂದೆ ಏನೂ ಕೇಳಲು ಆಗುವುದಿಲ್ಲ. ಒಂದು ಪ್ರತಿ ವಾರ್ಡ್ ಸದಸ್ಯರಿಗೂ ಕೊಡಿ.

ಗಾಡಿ ಬಂದ ದಿನ

ಈ ಕೆಲಸವನ್ನು ಪಾಲಿಕೆ ತಾನೇ ಮಾಡಬಹುದು, ಇಲ್ಲವೇ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಪಡೆದ ಸಂಸ್ಥೆಗೆ ಕೊಡಬಹುದು. ಮಾನ್ಯತೆ ಪತ್ರದ ಬಗ್ಗೆ ಕೇಳುವ ಹಕ್ಕು ನಿಮಗಿದೆ. ಮರ್ಯಾದೆಯಿಂದಲೇ ಕೇಳಿ.

ಬಲೆಯಿಂದ ಅಥವಾ ಕೈಯಿಂದ, ನೋವಾಗದಂತೆ ಹಿಡಿಯಬೇಕು. ತಂತಿ, ಇಕ್ಕಳ ಬಳಸಬಾರದು. ಆರು ತಿಂಗಳಿಗಿಂತ ಚಿಕ್ಕ ಮರಿಗಳನ್ನು ಶಸ್ತ್ರಚಿಕಿತ್ಸೆಗೆ ಒಯ್ಯುವಂತಿಲ್ಲ. ಹಾಲೂಡಿಸುವ ತಾಯಿಯನ್ನೂ ಮರಿಗಳು ಹಾಲು ಬಿಡುವವರೆಗೆ ಬಿಡಬೇಕು. ನಮ್ಮಲ್ಲಿ ಅಂಥ ಒಂದು ಕಂದು ನಾಯಿ ಇತ್ತು. ಹಿಡಿಯುವವರಿಗೆ ನಾವೇ ಅದನ್ನು ತೋರಿಸಿ ಬೇಡ ಅಂದೆವು, ಎರಡು ತಿಂಗಳ ನಂತರ ಮತ್ತೆ ಫೋನ್ ಮಾಡಿ ಕರೆಸಿದೆವು.

ಹಿಡಿದ ಪ್ರತಿ ನಾಯಿಗೂ ಸಂಖ್ಯೆಯ ಪಟ್ಟಿ ಕಟ್ಟಬೇಕು, ಎಲ್ಲಿಂದ ಹಿಡಿದದ್ದು ಎಂದು ಬರೆಯಬೇಕು. ಆ ಪಟ್ಟಿಯೇ ಅದನ್ನು ಮರಳಿ ನಿಮ್ಮ ಓಣಿಗೆ ತರುವ ಗುರುತು. ನಿಮ್ಮ ನೋಟ್‌ಬುಕ್‌ನ ಸಾಲಿನ ಮುಂದೆ ಆ ಸಂಖ್ಯೆ ಬರೆದುಕೊಳ್ಳಿ. ಶಸ್ತ್ರಚಿಕಿತ್ಸೆಯ ನಂತರ ಕನಿಷ್ಠ ನಾಲ್ಕು ದಿನ ಗೂಡಿನಲ್ಲಿಟ್ಟು ನೋಡಿಕೊಂಡು, ಗಾಯ ಮಾಯ್ದ ಮೇಲೆ ಬಿಡಬೇಕು. ಎರಡೇ ದಿನಕ್ಕೆ ತಂದು ಬಿಟ್ಟರೆ, ಹೊಲಿಗೆ ಬಿಚ್ಚಿಕೊಂಡಿದ್ದರೆ, ಫೋಟೊ ತೆಗೆದು ಹೆಲ್ತ್ ಇನ್‌ಸ್ಪೆಕ್ಟರ್‌ಗೆ ಕಳಿಸಿ. ನಲವತ್ತು ಡಿಗ್ರಿ ದಾಟಿದ ಬಿಸಿಲಿನಲ್ಲಿ ಹಸಿ ಗಾಯ ಬಹಳ ಬೇಗ ಕೆಡುತ್ತದೆ. ಹೀಗಾಗಿ ನಮ್ಮ ಭಾಗದಲ್ಲಿ ಈ ಕೆಲಸಕ್ಕೆ ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ ಎಂಬುದು ನನ್ನ ಅನಿಸಿಕೆ. ಅರ್ಜಿಯನ್ನು ಅಕ್ಟೋಬರ್‌ನಲ್ಲೇ ಕೊಡಿ.

ಒಬ್ಬರ ಮನೆಯ ನಾಯಿಯೂ ಬೀದಿಯಲ್ಲಿ ಓಡಾಡುತ್ತಿದ್ದರೆ ಆ ದಿನ ಗಾಡಿಯಲ್ಲಿ ಹೋಗಬಹುದು. ಮುನ್ನಾದಿನವೇ ಓಣಿಯಲ್ಲಿ ಹೇಳಿ, ಕಟ್ಟಿಕೊಳ್ಳಲಿ.

ಹುಚ್ಚು ಹಿಡಿದಂತೆ ಕಾಣುವ ನಾಯಿ ಬಂದರೆ ಅರ್ಜಿ ಬರೆಯುತ್ತಾ ಕೂರಬೇಡಿ. ಜೊಲ್ಲು ಸುರಿಯುವುದು, ದವಡೆ ಜೋತುಬೀಳುವುದು, ಹೆಜ್ಜೆ ತಪ್ಪುವುದು, ಕಂಡಕಂಡದ್ದನ್ನು ಕಚ್ಚುವುದು, ಇಂಥದ್ದು ಕಂಡರೆ ಮಕ್ಕಳನ್ನು ಒಳಗೆ ಕರೆದುಕೊಂಡು ಪಾಲಿಕೆಗೆ ಫೋನ್ ಮಾಡಿ. ಅದನ್ನು ಹಿಡಿದು ಬೇರೆ ಇರಿಸಬೇಕು, ಉಳಿದ ನಾಯಿಗಳ ಜೊತೆ ಹಾಕಬಾರದು.

ಅನ್ನ ಹಾಕುವವರ ಜೊತೆ ಜಗಳ ಬೇಡ

ನಮ್ಮ ಓಣಿಯಲ್ಲಿ ಒಬ್ಬ ಅಜ್ಜಿ ದಿನವೂ ಸಂಜೆ ಜೋಳದ ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ ನಾಯಿಗಳಿಗೆ ಹಾಕುತ್ತಾರೆ. ಕಡಿತದ ಮರುದಿನ ಕೆಲವರು ಅವರ ಮನೆ ಬಾಗಿಲಿಗೇ ಹೋಗಿ ಕೂಗಾಡಿದರು. ನನಗೆ ಇವತ್ತಿಗೂ ಅದು ನೋವಿನ ವಿಷಯ. ಗಾಡಿ ಬಂದ ದಿನ ನಾಯಿಗಳು ಹೆದರದೆ ಬಂದದ್ದು ಅದೇ ಅಜ್ಜಿಯ ಕೈಗೆ. 21ರಲ್ಲಿ 14 ನಾಯಿಗಳು ಮೊದಲ ಮುಂಜಾನೆಯೇ ಸಿಕ್ಕಿದ್ದು ಅವರಿಂದ.

ನಿಯಮವೂ ಅನ್ನ ಹಾಕುವುದನ್ನು ತಡೆಯುವುದಿಲ್ಲ, ಜಾಗ ಮತ್ತು ಹೊತ್ತು ಗೊತ್ತುಮಾಡಿ ಎನ್ನುತ್ತದೆ. 2025ರ ಆಗಸ್ಟ್ ಆದೇಶದಂತೆ ಪ್ರತಿ ವಾರ್ಡಿನಲ್ಲೂ ಪಾಲಿಕೆ ಇದಕ್ಕೆ ಜಾಗ ಗುರುತಿಸಬೇಕು, ಕಂಡ ಬೀದಿಯಲ್ಲೆಲ್ಲ ಹಾಕುವಂತಿಲ್ಲ. ಮಕ್ಕಳು ಆಡುವ ಜಾಗ, ಮೆಟ್ಟಿಲು, ಗೇಟಿನ ಎದುರು ಬೇಡ. ಹಾಕಿದವರೇ ಉಳಿದದ್ದನ್ನು ಎತ್ತಿ ಜಾಗ ತೊಳೆಯಬೇಕು. ಅಜ್ಜಿ ಈಗ ಖಾಲಿ ನಿವೇಶನದ ಮೂಲೆಯಲ್ಲಿ ಹಾಕುತ್ತಾರೆ, ಬೇಸಿಗೆಯಲ್ಲಿ ಅಲ್ಲೇ ಎರಡು ಮಣ್ಣಿನ ಬೋಗುಣಿಯಲ್ಲಿ ನೀರು ಇಡುತ್ತೇವೆ.

ನಾಯಿಗಳನ್ನು ಗುಂಪುಗಟ್ಟಿಸುವುದು ಅಜ್ಜಿಯ ರೊಟ್ಟಿಯಲ್ಲ. ಕೋಳಿ, ಮಾಂಸದ ಅಂಗಡಿಯವರು ರಾತ್ರಿ ಚರಂಡಿಗೆ ಎಸೆಯುವ ಕರುಳು, ಮದುವೆ ಹಾಲ್‌ನ ಹಿಂದಿನ ಎಲೆಯ ರಾಶಿ. ಕರುಳಿನ ರುಚಿ ಹತ್ತಿದ ಗುಂಪು ಅಲ್ಲಿಂದ ಕದಲುವುದಿಲ್ಲ, ಹತ್ತಿರ ಹೋದವರ ಮೇಲೆ ಎಗರುತ್ತದೆ. ಇದರ ಮೇಲೆ ಬೇರೆ ದೂರು ಕೊಡಿ, ಫೋಟೊ ಮತ್ತು ಹೊತ್ತು ಹಾಕಿ. ಉದ್ದಿಮೆ ಪರವಾನಗಿ ಕೊಡುವುದು ಪಾಲಿಕೆಯೇ ಆದ್ದರಿಂದ ಅಂಗಡಿಯವರಿಗೆ ನೋಟಿಸ್ ಕೊಡಲು ಅದಕ್ಕೆ ಸುಲಭ.

ಮನೆಯಲ್ಲಿ ನಾಯಿ ಇದ್ದರೆ

ಇನ್ನು ಸಾಕುನಾಯಿಯ ಪರವಾನಗಿ. 1976ರ ಕರ್ನಾಟಕ ನಗರಪಾಲಿಕೆಗಳ ಕಾಯ್ದೆ, 1964ರ ಪೌರಸಭೆಗಳ ಕಾಯ್ದೆ, ಈ ಎರಡರ ಅಡಿ ಊರಿನ ಸಂಸ್ಥೆ ತನ್ನ ಉಪವಿಧಿ ಮಾಡಿಕೊಳ್ಳುತ್ತದೆ. ಹೀಗಾಗಿ ಶುಲ್ಕ, ನಮೂನೆ ಊರಿಂದ ಊರಿಗೆ ಬೇರೆ. ಆರೋಗ್ಯ ವಿಭಾಗದಲ್ಲಿ "ಸಾಕುನಾಯಿ ನೋಂದಣಿ ನಮೂನೆ ಕೊಡಿ" ಎಂದು ಕೇಳಿ. ಸಾಮಾನ್ಯವಾಗಿ ಬೇಕಾಗುವುದು ಇಷ್ಟು: ಮಾಲೀಕರ ಗುರುತಿನ ಚೀಟಿ, ವಿಳಾಸಕ್ಕೆ ಕರೆಂಟ್ ಬಿಲ್ ಅಥವಾ ಮನೆ ತೆರಿಗೆ ರಸೀದಿ, ನಾಯಿಯ ಫೋಟೊ, ಲಸಿಕೆ ಕಾರ್ಡ್. ಶಸ್ತ್ರಚಿಕಿತ್ಸೆ ಆಗಿದ್ದರೆ ಅದರ ಪತ್ರವನ್ನೂ ಇಡಿ.

ಇದೆಲ್ಲ ಯಾಕೆ, ಸುಮ್ನೆ ತಲೆನೋವು ಅಲ್ವಾ ಎಂದು ಕೇಳುವವರಿದ್ದಾರೆ. ನಾನು ಹೀಗೆ ನೋಡುತ್ತೇನೆ: ಪರವಾನಗಿಯ ಜೀವಾಳ ಲಸಿಕೆ ಕಾರ್ಡ್. ನಿಮ್ಮ ನಾಯಿ ಯಾರಿಗಾದರೂ ಪರಚಿದರೆ ಆ ಕಾರ್ಡ್ ಒಂದು ಮನೆಯ ದಿಗಿಲನ್ನು ಕಡಿಮೆ ಮಾಡುತ್ತದೆ. ನಾಯಿ ಕಳೆದುಹೋದರೆ ಕೊರಳ ಬಿಲ್ಲೆ ಅದನ್ನು ಮನೆಗೆ ತರುತ್ತದೆ. ಮರಿಗೆ ಮೂರು ತಿಂಗಳಾದಾಗ ಮೊದಲ ರೇಬಿಸ್ ಲಸಿಕೆ, ವೈದ್ಯರು ಹೇಳಿದ ದಿನ ಇನ್ನೊಂದು, ಆಮೇಲೆ ವರ್ಷಕ್ಕೊಮ್ಮೆ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಆ ಹೊತ್ತಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಶಿಬಿರ ನಡೆಯುತ್ತವೆ, ಕಾರ್ಡ್ ಬರೆಸಿಕೊಳ್ಳುವುದನ್ನು ಮರೆಯಬೇಡಿ. ಬೀದರ್‌ನವರಿಗೆ ಒಂದು ಅನುಕೂಲ ಹೆಚ್ಚು. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಅವರ ಊರಿನ ನಂದಿನಗರದಲ್ಲೇ ಇದೆ. ಯಾದಗಿರಿ, ಸುರಪುರ ಕಡೆಯ ಕುರಿಗಾಹಿಗಳು ಹಿಂಡಿನ ನಾಯಿಗಳಿಗೂ ಲಸಿಕೆ ಹಾಕಿಸಬೇಕು. ಹಟ್ಟಿ ಊರು ಬಿಡುವ ಮುನ್ನ ಹತ್ತಿರದ ಪಶುವೈದ್ಯರಿಗೆ ಹೇಳಿದರೆ ಎಲ್ಲಕ್ಕೂ ಒಂದೇ ದಿನ ಆಗುತ್ತದೆ.

ಬಾಡಿಗೆ ಮನೆಯವರು, ಅಪಾರ್ಟ್‌ಮೆಂಟಿನವರು ಕೇಳುವ ಪ್ರಶ್ನೆ: ಸಂಘ ನಾಯಿ ಸಾಕಬೇಡಿ ಎನ್ನಬಹುದೇ? ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯಂತೆ ನಿವಾಸಿಗಳ ಸಂಘ ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲ. ಆದರೆ ಹಗ್ಗ ಹಿಡಿದು ಒಯ್ಯುವುದು, ಮಲ ಎತ್ತುವುದು ನಿಮ್ಮ ಹೊಣೆ. ನಾಯಿಯಿಂದ ಅಪಾಯವಾಗದಂತೆ ಎಚ್ಚರ ವಹಿಸದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಪ್ರಾಣಿಗೆ ವಿಷ ಹಾಕಿ ಕೊಲ್ಲುವುದು 325ನೇ ಸೆಕ್ಷನ್‌ನಲ್ಲಿ ಬರುತ್ತದೆ, ಐದು ವರ್ಷದವರೆಗೆ ಶಿಕ್ಷೆ ಇದೆ. 2024ರ ಮಾರ್ಚ್‌ನಲ್ಲಿ ಕೇಂದ್ರ 23 ತಳಿಗಳನ್ನು ನಿಷೇಧಿಸಲು ಹೇಳಿತ್ತಲ್ಲ, ಆ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಅದೇ ವರ್ಷ ಏಪ್ರಿಲ್‌ನಲ್ಲಿ ರದ್ದು ಮಾಡಿತು.

ಮರಿ ಕೊಳ್ಳುವವರು ಗಮನಿಸಿ, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಗಿಳಿ, ನಕ್ಷತ್ರ ಆಮೆ ಸಾಕಲು ಪಾಲಿಕೆ ಪರವಾನಗಿ ಕೊಡುತ್ತದೆಯೇ ಎಂದು ಒಬ್ಬರು ಕೇಳಿದ್ದರು. ಇಲ್ಲ. ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿ ಇಡುವುದೇ 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ.

ದನ ಮತ್ತು ಹಂದಿ

ಕಣ್ಣಿ ಮಾರ್ಕೆಟ್, ಸೂಪರ್ ಮಾರ್ಕೆಟ್ ಕಡೆ ಸಂಜೆ ಗಾಡಿ ಓಡಿಸಿದವರಿಗೆ ಬಿಡಾಡಿ ದನದ ಕಷ್ಟ ಗೊತ್ತು. ಇವುಗಳಲ್ಲಿ ಬಹಳಷ್ಟಕ್ಕೆ ಮಾಲೀಕರಿದ್ದಾರೆ. ಹಾಲು ಕರೆದು ಮುಂಜಾನೆ ಬಿಟ್ಟುಬಿಡುತ್ತಾರೆ. ದನದ ಕಿವಿಯಲ್ಲಿ ಹಳದಿ ಬಿಲ್ಲೆ ಇದ್ದರೆ ಅದರ ಮೇಲೆ 12 ಅಂಕಿಯ ಸಂಖ್ಯೆ ಇರುತ್ತದೆ. ಅದರ ಫೋಟೊ ತೆಗೆದು ದೂರಿನ ಜೊತೆ ಕೊಡಿ, ಪಶುಪಾಲನಾ ಇಲಾಖೆ ಆ ಸಂಖ್ಯೆಯಿಂದ ಮಾಲೀಕರನ್ನು ಹುಡುಕಬಲ್ಲದು. ಹಿಡಿದ ದನವನ್ನು ಕೊಂಡವಾಡಕ್ಕೆ ಅಥವಾ ಗೋಶಾಲೆಗೆ ಒಯ್ಯುತ್ತಾರೆ, ಮಾಲೀಕರು ದಂಡ ಕಟ್ಟಿ ಬಿಡಿಸಿಕೊಳ್ಳಬೇಕು. ಕೊಂಡವಾಡದ ವ್ಯವಸ್ಥೆ 1871ರ ಜಾನುವಾರು ಅತಿಕ್ರಮ ಕಾಯ್ದೆಯಷ್ಟು ಹಳೆಯದು. ದೇವರ ಹೆಸರಿನಲ್ಲಿ ಬಿಟ್ಟ ಬಸವಣ್ಣನ ವಿಷಯ ಬೇರೆ. ಅಲ್ಲಿ ಗುಡಿಯ ಹಿರಿಯರ ಜೊತೆ ಮೊದಲು ಮಾತಾಡಿ, ಆಮೇಲೆ ಪಾಲಿಕೆಗೆ ಹೋಗಿ.

ಹಂದಿಗೂ ಮಾಲೀಕರಿರುತ್ತಾರೆ. ಪಾಲಿಕೆ ಅವರಿಗೆ ನೋಟಿಸ್ ಕೊಟ್ಟು, ಊರ ಹೊರಗೆ ಸಾಕಲು ಹೇಳಿ, ಕೇಳದಿದ್ದರೆ ಹಿಡಿಸುತ್ತದೆ. ತೆರೆದ ಚರಂಡಿ ಮುಚ್ಚಿಸದೆ ಹಂದಿ ಹೋಗುವುದಿಲ್ಲ, ಅರ್ಜಿಯಲ್ಲಿ ಅದನ್ನೂ ಸೇರಿಸಿ.

ಉತ್ತರ ಬರದಿದ್ದರೆ

ಮೂರು ವಾರ ಕಾಯಿರಿ. ಆಮೇಲೆ ಮೊಹರಿನ ಪ್ರತಿ ಹಿಡಿದು ಆರೋಗ್ಯ ವಿಭಾಗಕ್ಕೆ ಹೋಗಿ ಯಾರ ಮೇಜಿನ ಮೇಲಿದೆ ಕೇಳಿ. ಪೌರಾಡಳಿತದ ಜನಹಿತ ಆ್ಯಪ್‌ನಲ್ಲಿ ದೂರು ಹಾಕಬಹುದು. 1902ಕ್ಕೆ ಕರೆ ಮಾಡಿದರೆ ಜನಸ್ಪಂದನದಲ್ಲಿ ದಾಖಲಾಗುತ್ತದೆ. ಎರಡರಲ್ಲೂ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಇನ್ನೂ ಆಗದಿದ್ದರೆ ಮಾಹಿತಿ ಹಕ್ಕು ಅರ್ಜಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಮೂರೇ ಪ್ರಶ್ನೆ ಸಾಕು: ಈ ವರ್ಷ ನಮ್ಮ ವಾರ್ಡಿನಲ್ಲಿ ಎಷ್ಟು ನಾಯಿಗಳಿಗೆ ಶಸ್ತ್ರಚಿಕಿತ್ಸೆ ಆಗಿದೆ, ಅದಕ್ಕೆ ಎಷ್ಟು ಹಣ ಖರ್ಚಾಗಿದೆ, ಸ್ಥಳೀಯ ಮೇಲ್ವಿಚಾರಣಾ ಸಮಿತಿಯ ಸಭೆ ಯಾವ್ಯಾವ ದಿನ ನಡೆದಿದೆ. 2023ರ ನಿಯಮದಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಈ ಸಮಿತಿ ಇರಬೇಕು. ಆರೋಗ್ಯ ಮತ್ತು ಪಶುಪಾಲನೆ ಇಲಾಖೆಯವರು, ಪ್ರಾಣಿ ಕಲ್ಯಾಣ ಸಂಸ್ಥೆಯ ಪ್ರತಿನಿಧಿಗಳು ಅದರಲ್ಲಿ ಕೂರುತ್ತಾರೆ. ನಿಮ್ಮ ವಾರ್ಡಿನ ಲೆಕ್ಕವನ್ನು ಆ ಸಮಿತಿಯ ಮುಂದೆ ಇಡಲು ಬರಹದಲ್ಲಿ ಕೇಳಿ.

ಕೆಲಸ ಆದ ಮೇಲೂ ನೋಟ್‌ಬುಕ್ ಬಿಸಾಡಬೇಡಿ. ಆರು ತಿಂಗಳಿಗೊಮ್ಮೆ ಮತ್ತೆ ಎಣಿಸಿ, ಹೊಸ ನಾಯಿ ಬಂದಿದ್ದರೆ ಅದೊಂದಕ್ಕೆ ಮತ್ತೆ ಅರ್ಜಿ ಕೊಡಿ. ಲಸಿಕೆಯ ವರ್ಷ ತುಂಬಿದ ತಿಂಗಳು ಬರೆದಿಟ್ಟುಕೊಂಡು, ಮತ್ತೆ ಹಾಕಿಸಲು ಪಾಲಿಕೆಗೆ ನೆನಪಿಸಿ. ನಮ್ಮ ಕಳೆದ ಎಣಿಕೆಯಲ್ಲಿ 19 ನಾಯಿ ಇದ್ದವು, 18ಕ್ಕೆ ಕಿವಿಯ ಗುರುತು ಇತ್ತು. ಎಣಿಸಲು ನನ್ನ ಜೊತೆ ಬಂದದ್ದು ಆ ಹುಡುಗನೇ. ಈಗ ಅವನಿಗೆ ಒಂಬತ್ತು ವರ್ಷ. ಮೊದಮೊದಲು ನನ್ನ ಕೈ ಬಿಡಲಿಲ್ಲ. ಅಜ್ಜಿಯ ಮನೆ ದಾಟಿದ ಮೇಲೆ ನೋಟ್‌ಬುಕ್ ತಾನೇ ಇಸಿದುಕೊಂಡು ಬರೆಯತೊಡಗಿದ. ಗುರುತಿಲ್ಲದ ಆ ಒಂದು ನಾಯಿಯ ಸಾಲನ್ನು ಬರೆದವನು ಅವನೇ: "ಕರಿ, ಗಂಡು, ಬಾಲದ ತುದಿ ಬಿಳಿ, ಹಿಟ್ಟಿನ ಗಿರಣಿ ಮುಂದೆ ಮಲಗಿದೆ."